ಹನ್ನೊಂದು ದಿನ ಅಗೆಯದ ಮಣ್ಣು

ನಾನು ಹನ್ನೊಂದು ದಿನ ಸಲಿಕೆ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಹನ್ನೆರಡನೆಯ ದಿನ ಒಂದೇ ಒಂದು ಮಾತು ಆಡಬೇಕಿತ್ತು, ಅದನ್ನೂ ಆಡಲಿಲ್ಲ. ಇಷ್ಟು ಹೇಳಿ ಎದ್ದು ಹೋದರೆ ನನ್ನ ತಪ್ಪೊಪ್ಪಿಗೆ ಮುಗಿಯುತ್ತದೆ. ಆದರೆ ಗೆಳೆಯರೇ, ತಪ್ಪು ಮಾಡಿದವನಿಗೆ ಅದರ ಸುತ್ತಮುತ್ತಲ ಸಂಗತಿಗಳನ್ನೆಲ್ಲ ಹರಡಿ, ನಡುವೆ ತಪ್ಪು ಆದಷ್ಟು ಚಿಕ್ಕದಾಗಿ ಕಾಣುವಂತೆ ಮಾಡುವ ಚಪಲವಿರುತ್ತದೆ. ನನಗೂ ಇದೆ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನ ಬರಹವಿದು, ಅಡ್ಡದಾರಿ ಹಿಡಿದರೆ ಬೇಸರಿಸದೆ ಜೊತೆಗೆ ಬನ್ನಿ.

ಅರವತ್ತರ ದಶಕದ ಕೊನೆಯಲ್ಲಿ ನಾನು ಬಳ್ಳಾರಿಯಲ್ಲಿ, ಕಂಟೋನ್ಮೆಂಟ್ ದಾಟಿದ ಮೇಲೆ ಸಿಗುತ್ತಿದ್ದ ಒಂದು ಸಣ್ಣ ಕಾಲೇಜಿನಲ್ಲಿ ಮಾಲಿಯಾಗಿದ್ದೆ. ಕಾಲೇಜು ಎಷ್ಟು ಸಣ್ಣದೆಂದರೆ ದಾಸವಾಳಕ್ಕೆ ನೀರು ಹಾಕುವವನೂ ನಾನೇ, ಗಂಟೆ ಬಾರಿಸುವವನೂ ನಾನೇ, ಹಿತ್ತಲಲ್ಲಿ ತಗಡಿನ ಸೂರಿನ ಕೆಳಗಿದ್ದ ಗರಡಿಯ ಮಣ್ಣು ಅಗೆಯುವವನೂ ನಾನೇ. ಗಿಡಕ್ಕೆ ನೀರು ತಪ್ಪಿದರೆ ಎಲೆ ಬಾಡಿ ತೋರಿಸುತ್ತದೆ, ಗಂಟೆ ತಪ್ಪಿದರೆ ಮಾಸ್ತರರು ಹೊರಗೆ ಬಂದು ಕೂಗುತ್ತಾರೆ. ಗರಡಿಯ ಮಣ್ಣು ಮಾತ್ರ ಏನೂ ಹೇಳದೆ ಒಳಗೊಳಗೇ ಬಿಗಿದುಕೊಳ್ಳುತ್ತದೆ.

ಆ ಮಣ್ಣನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರೋ ಇಲ್ಲವೋ. ಕೆಮ್ಮಣ್ಣು ಸೋಸಿ, ಎಣ್ಣೆ ಮಜ್ಜಿಗೆ ಬೆರೆಸಿ, ಅರಿಶಿನ ತೂರಿ, ನಿಂಬೆಹಣ್ಣು ಹಿಂಡಿ, ಹಸುಗೂಸಿಗೆ ಎರೆಯುವಾಗಿನಷ್ಟು ಉಪಚಾರ ಮಾಡಿ ಹದಕ್ಕೆ ತಂದ ಮಣ್ಣು ಅದು. ದಿನಕ್ಕೊಮ್ಮೆ ಅಗೆದು ನೀರು ಚಿಮುಕಿಸಿದರೆ ಆರಡಿ ಪೈಲ್ವಾನ ಬೆನ್ನಡಿಯಾಗಿ ಬಿದ್ದರೂ ಹಾಸಿಗೆಯಂತೆ ಹಿಡಿದುಕೊಳ್ಳುತ್ತದೆ. ನಾಲ್ಕು ದಿನ ಬಿಟ್ಟರೆ ಮುನಿಸಿಕೊಳ್ಳುತ್ತದೆ. ಹತ್ತು ದಿನ ಬಿಟ್ಟು, ಮೇಲೆ ಮಳೆಯ ನೀರು ನಿಂತು ಬಿಸಿಲು ಬಡಿದರೆ, ನಮ್ಮ ಬಳ್ಳಾರಿಯ ಗುಡ್ಡಕ್ಕೂ ಅದಕ್ಕೂ ಎತ್ತರದಲ್ಲಷ್ಟೇ ವ್ಯತ್ಯಾಸ.

ನನ್ನ ತಮ್ಮ ವೀರೇಶ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ಕುರುಗೋಡಿನ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ನಾನೂ ದಿನಾ ಹತ್ತುತ್ತಿದ್ದೆ, ಗುಡಿಸುವುದಕ್ಕೆ. ಓದಿನಲ್ಲಿ ಅವನು ಸಾಧಾರಣ, ಕುಸ್ತಿಯಲ್ಲಿ ಹಾಗಲ್ಲ. ಗಾತ್ರದಲ್ಲಿ ದೊಡ್ಡವನಲ್ಲ, ಆದರೆ ಎದುರಾಳಿ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದ. ಅದು ಅವನ ಕೊನೆಯ ವರ್ಷ. ಕಾಲೇಜುಕಾಲೇಜುಗಳ ನಡುವಿನ ಕುಸ್ತಿಗೆ ಆ ಸಲ ಅವನೇ ಹೋಗುವುದೆಂದು ನಿಶ್ಚಯವಾಗಿತ್ತು. ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು, ಕಾಲೇಜಿನ ಹೆಸರು ಕೂಗಿದಾಗ ಹೇಗೆ ನಡೆದು ಹೋಗಬೇಕೆಂದು ಅವನು ಅಭ್ಯಾಸ ಮಾಡುವುದನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಆದರೆ ಆ ಕಾಲದಲ್ಲಿ ಸಣ್ಣ ಕಾಲೇಜುಗಳು ಒಂದೊಂದಾಗಿ ಕುಸ್ತಿಯನ್ನು ಕೈಬಿಡುತ್ತಿದ್ದವು. ಸುತ್ತಲಿನ ಎರಡು ಕಡೆ ಆಗಲೇ ಬಿಟ್ಟಾಗಿತ್ತು. ಹುಡುಗರು ಕಡಿಮೆ, ಕಲಿಸುವವರಿಲ್ಲ, ಮಣ್ಣು ಮೆತ್ತಿಕೊಂಡು ಕ್ಲಾಸಿಗೆ ಬರುತ್ತಾರೆ ಎಂದೆಲ್ಲ ಕಾರಣಗಳು. ನಮ್ಮ ಕಮಿಟಿಯವರಿಗೂ ಗರಡಿಯ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಕಾಣತೊಡಗಿತು. ಪ್ರಿನ್ಸಿಪಾಲರು ಮೈಸೂರು ಕಡೆಯವರು, ನ್ಯಾಯವಂತರು. ವೀರೇಶನನ್ನು ಕರೆದು, "ದೀಪಾವಳಿ ರಜೆ ಮುಗಿದ ದಿನ ಕಮಿಟಿಯವರನ್ನ ಕರ್ಕೊಂಡು ಬಂದು ನೋಡ್ತೀನಪ್ಪ. ಗರಡಿ ನಿಜವಾಗಿ ನಡೀತಾ ಇದೆ, ಹುಡುಗರು ಇದ್ದಾರೆ ಅನ್ನಿಸಿದರೆ ಉಳಿಸೋಣ. ಇಲ್ಲದಿದ್ದರೆ ನಾನೂ ಏನೂ ಮಾಡಲಾರೆ" ಎಂದರು.

ವೀರೇಶ ಅಂದು ಸಂಜೆಯೇ ಕೆಲಸ ಹಂಚಿದ. "ಅಣ್ಣಾ, ನಮ್ಮ ಕಾಲೇಜಿನ ಸಿರುಗುಪ್ಪ ಕಡಿ ಹುಡುಗರು ಗರಡಿ ಬಿಟ್ಟು ಕುಂತಾರಲ್ಲ, ಅವರ ಮನಿಮನಿಗೆ ಹೋಗಿ ನಾ ಎಬ್ಬಿಸ್ಕೊಂಡು ಬರ್ತೀನಿ. ಮಣ್ಣು ನಿನ್ನ ಪಾಲಿಂದು. ದಿನಾ ಒಂದು ಸಲ ಅಗದ್ರ ಸಾಕು."

"ಹುಚ್ಚಾ, ಅದನ್ನೂ ಹೇಳ್ಬೇಕೇನಲೇ ನನಗ?" ಎಂದೆ ನಾನು. ಹೇಳಬೇಕಿತ್ತು.

ನನ್ನ ಮದುವೆಯಾಗಿ ಆಗ ಆರು ತಿಂಗಳು. ಹೆಂಡತಿ ನೀಲಮ್ಮನ ತವರು ದೇಶನೂರು. ಮೊದಲ ದೀಪಾವಳಿಗೆ ಅಳಿಯ ಬರಲೇಬೇಕೆಂದು ಕರೆ ಬಂದಿತ್ತು. ಒಂದು ದಿನ ಇದ್ದು ಬಂದರಾಯಿತೆಂದು, ವೀರೇಶನಿಗೂ ಹೇಳದೆ, ಹನ್ನೊಂದು ದಿನದ ರಜೆಯ ಮೊದಲ ಬೆಳಿಗ್ಗೆ ಬಸ್ಸು ಹತ್ತಿದೆ. ಹೊಸ ಅಳಿಯನಾಗಿ ನೀವು ಯಾವಾಗಲಾದರೂ ಗದ್ದೆಯ ಸೀಮೆಗೆ ಹೋಗಿದ್ದರೆ ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗೂ ಗಂಟೆ ಬಾರಿಸುವವನಿಗೆ ಅಲ್ಲಿ ಊಟದ ವೇಳೆಯಾಯಿತೆಂದು ನಾಲ್ಕು ಜನ ಬಂದು ಬಿನ್ನಹ ಮಾಡುತ್ತಿದ್ದರು. ನಾಳೆ ಹೊರಡುತ್ತೇನೆಂದರೆ ನಾಳೆಗೆ ಕಡಬು ಮಾಡುವುದಿತ್ತು, ನಾಡಿದ್ದು ಎಂದರೆ ನಾಡಿದ್ದಿಗೆ ಹೋಳಿಗೆಯ ಬೇಳೆ ನೆನೆಯುತ್ತಿತ್ತು. "ಅಳಿಯಾರ, ಎಣ್ಣಿ ಹಚ್ಚಿದ ಮೈ ಆರಾಕ ಇನ್ನಾ ಎರಡು ದಿನ ಬೇಕು, ಕುಂದರ್ರಿ" ಎನ್ನುತ್ತಿದ್ದರು ಅತ್ತೆ. ಎಣ್ಣೆ ಹಚ್ಚಿದ ಮೈ ಆರುವುದಕ್ಕೆ ಎರಡು ದಿನ ಬೇಕೆಂದು ನಂಬುವಷ್ಟು ಭೋಳೆ ನಾನಲ್ಲ, ಆದರೆ ಹಿರಿಯರ ಮಾತು ಮೀರಬಾರದಲ್ಲ.

ಆರನೆಯ ದಿನ ನೀಲಮ್ಮನಿಗೆ ಬಳೆ ಇಡಿಸಲು ಸಿರುಗುಪ್ಪಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ವೀರೇಶ ಕಂಡ. ಧೂಳು ಹಿಡಿದ ಅಂಗಿ, ಎರಡೂ ಪಕ್ಕಕ್ಕೆ ಇಬ್ಬರು ಹುಡುಗರು. ಒಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು ಏನನ್ನೋ ಮನಸ್ಸಿಟ್ಟು ಹೇಳುತ್ತಿದ್ದ. ನಾನು ಪಕ್ಕದಲ್ಲಿದ್ದ ಹುಲ್ಲಿನ ಬಂಡಿಯ ಹಿಂದೆ ಸರಿದೆ.

ನೀಲಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ತಮ್ಮನ್ನ ಕಂಡು ಅಡಗೋ ಅಣ್ಣನ್ನ ಇವತ್ತಾ ನೋಡಿದೆ ನಾನು. ಅವ ಏನು ಹುಲೀನಾ?"

"ಮೆತ್ತಗ ಮಾತಾಡು. ನೋಡಿದ್ರ ಈಗಿಂದೀಗ ಬಳ್ಳಾರಿ ಬಸ್ ಹತ್ತಸ್ತಾನ."

"ಹತ್ರಿ ಮತ್ತ. ನಾ ಏನು ಕಾಲು ಹಿಡದೀನೇನು?"

ಅವಳು ಹೇಳಿದ್ದು ಸರಿಯಾಗಿತ್ತು. ಆ ಬಸ್ಸು ನನ್ನ ಎದುರಿಗೇ ನಿಂತಿತ್ತು. ಅಂದು ಹತ್ತಿದ್ದರೆ ಉಳಿದ ಐದು ದಿನದಲ್ಲಿ ಮಣ್ಣನ್ನು ಮತ್ತೆ ಹದಕ್ಕೆ ತರುತ್ತಿದ್ದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ತಲೆಯ ಮೇಲಿನ ಹುಲ್ಲು ಝಾಡಿಸಿಕೊಂಡು ನಾನು ಬಳೆಗಾರನ ಕಡೆ ನಡೆದೆ. ಹುಲ್ಲಿನ ಒಂದು ಎಳೆಯನ್ನು ನೀಲಮ್ಮ ತೆಗೆಯದೆ ಹಾಗೆಯೇ ಬಿಟ್ಟಿದ್ದಳೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಹನ್ನೆರಡನೆಯ ದಿನ ನಾನು ಕಾಲೇಜು ಮುಟ್ಟಿದಾಗ ಹತ್ತು ಗಂಟೆ. ಆ ನಡುವೆ ಬಳ್ಳಾರಿಯಲ್ಲಿ ಎರಡು ಸಂಜೆ ಮಳೆ ಸುರಿದಿತ್ತಂತೆ, ತಗಡು ಸೋರಿತ್ತು, ಆಮೇಲೆ ಬಿಸಿಲು ತನ್ನ ಕೆಲಸ ಮಾಡಿತ್ತು. ತಾನೂ ಅಂದೇ ಬೆಳಿಗ್ಗೆ ಬಸ್ಸಿಳಿದಿದ್ದ ವೀರೇಶ ಗರಡಿಯ ಮುಂದೆ ಒಂಬತ್ತು ಹುಡುಗರನ್ನು ಲಂಗೋಟಿ ಕಟ್ಟಿಸಿ ಸಾಲಾಗಿ ನಿಲ್ಲಿಸಿದ್ದ. ಹಚ್ಚೊಳ್ಳಿಯ ಒಬ್ಬನನ್ನು ಕಳಿಸಲು ಅವನ ತಾಯಿ ಒಪ್ಪದಿದ್ದಾಗ, ಇವನು ಎರಡು ದಿನ ಅವರ ಹೊಲದಲ್ಲಿ ದುಡಿದು ಒಪ್ಪಿಸಿ ಕರೆತಂದಿದ್ದನಂತೆ. ಆ ಹುಡುಗರ ಮುಖದಲ್ಲಿ ಮದುವೆಗೆ ಬಂದವರ ಕಳೆಯಿತ್ತು. ಅವರ ಹಿಂದೆ ಅಖಾಡ ಬಿರುಕು ಬಿಟ್ಟು ಮಲಗಿತ್ತು.

ಪ್ರಿನ್ಸಿಪಾಲರೂ ಕಮಿಟಿಯ ಮೂವರೂ ಆಗಲೇ ಅಲ್ಲಿದ್ದರು. ಅವರಲ್ಲಿ ಹಿರಿಯರೊಬ್ಬರು ಕೊಡೆಯ ತುದಿಯಿಂದ ಮಣ್ಣನ್ನು ಕುಟ್ಟಿ ನೋಡಿದರು. ಕಟ್ಟೆಯನ್ನು ಕುಟ್ಟಿದ ಹಾಗೆ ಸದ್ದಾಯಿತು.

"ಸರ್, ನಮ್ಮಣ್ಣ ದಿನಾ ಅಗದಾನ್ರಿ" ಎಂದ ವೀರೇಶ. "ಮಳಿ ಸೋರಿ ಹಿಂಗಾಗೈತಿ. ಒಂದು ತಾಸು ಟೈಮ್ ಕೊಡ್ರಿ, ನಾವಾ ಅಗದು ಆಡಿ ತೋರಸ್ತೀವಿ."

"ದಿನಾ ಅಗದ ಮಣ್ಣು ಎರಡು ಮಳಿಗೆ ಕಲ್ಲು ಆಕ್ಕೈತೇನಪ್ಪಾ?" ಎಂದರು ಹಿರಿಯರು. ಅವರೂ ಹಳ್ಳಿಯ ಕಡೆಯವರೇ, ಮಣ್ಣು ಬಲ್ಲವರು. "ಇಲ್ಲಿ ಯಾರೂ ಕುಸ್ತಿ ಆಡಂಗಿಲ್ಲ. ಇವತ್ತಿಗಂತ ಹುಡುಗರನ್ನ ತಂದು ನಿಲ್ಲಿಸೀದಿ. ಸುಳ್ಳ ಯಾಕ ಹೇಳ್ತೀ?"

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಪಂಪಣ್ಣ, ನೀವೇ ಹೇಳಿ. ಏನಾಯಿತು?"

ನೋಡಿ, ಎಷ್ಟು ಸುಲಭವಿತ್ತು. ನಾನು ಊರಿಗೆ ಹೋಗಿದ್ದೆ, ತಪ್ಪು ನನ್ನದು, ಹುಡುಗರದಲ್ಲ ಎಂದರೆ ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಬಹುಶಃ ಬೈದು ಬಿಡುತ್ತಿದ್ದರು. ಒಂಬತ್ತು ಹುಡುಗರು ಎದೆ ಉಬ್ಬಿಸಿಕೊಂಡು ನಿಂತಿದ್ದರು, ನನ್ನ ತಮ್ಮ ನನ್ನನ್ನೇ ನಂಬಿಕೊಂಡು ನೋಡುತ್ತಿದ್ದ. ನಾನು ದಾಸವಾಳದ ಗಿಡ ನೋಡಿದೆ. ಆಮೇಲೆ ನೆಲ ನೋಡಿದೆ. "ಮಳಿ ಬಂತ್ರಿ" ಎಂದೆ.

ಆ ವಾರವೇ ಗರಡಿಯನ್ನು ಕಿತ್ತರು. ಕಿತ್ತವನೂ ನಾನೇ. ಹನ್ನೊಂದು ದಿನ ಸಲಿಕೆ ಹಿಡಿಯದವನು ಮೂರು ದಿನ ಹಾರೆ ಹಿಡಿದೆ. ಎಸೆಯಲು ಮನಸ್ಸಾಗದೆ ಆ ಮಣ್ಣನ್ನು ಗಿಡಗಳ ಬುಡಕ್ಕೆ ಹಾಕಿದೆ. ಎಷ್ಟೋ ವರ್ಷದ ಮಜ್ಜಿಗೆ ಕುಡಿದ ಮಣ್ಣಲ್ಲವೇ, ಆ ವರ್ಷ ದಾಸವಾಳಗಳು ಪೈಲ್ವಾನರ ಹಾಗೆ ಮೈದುಂಬಿದವು, ಬಂದವರೆಲ್ಲ ನನ್ನನ್ನು ಹೊಗಳಿದರು. ಇನ್ಯಾರಿಗಾದರೂ ಹೊಗಳಿಕೆ ಅಷ್ಟು ಬಿಸಿಯಾಗಿ ತಟ್ಟಿರುತ್ತದೋ ನಾನರಿಯೆ. ಕಾಲೇಜಿನ ಹೆಸರು ಕೂಗಿದಾಗ ನಡೆದು ಹೋಗುವುದು ವೀರೇಶನಿಗೆ ಕೂಡಿಬರಲಿಲ್ಲ. ಅಂದು ಒಪ್ಪಿಸಿ ಕರೆತಂದ ಹುಡುಗರನ್ನು ಅವನೇ ಬಸ್ಸು ಹತ್ತಿಸಿ ಊರಿಗೆ ಕಳಿಸಿದ.

ನಾನಿಲ್ಲದಿದ್ದರೂ ಮರುವರ್ಷವೋ ಅದರ ಮರುವರ್ಷವೋ ಆ ಗರಡಿ ಹೋಗುತ್ತಿತ್ತು ಎಂದು ನನ್ನನ್ನು ನಾನೇ ಎಷ್ಟೋ ಸಲ ಸಂತೈಸಿಕೊಂಡಿದ್ದೇನೆ. ನಿಜವಿರಬಹುದು. ಕಾಲ ಎನ್ನುವುದು ದೊಡ್ಡ ಪೈಲ್ವಾನ, ಅದರ ಬೆನ್ನ ಹಿಂದೆ ನನ್ನಂಥ ಸಣ್ಣವರು ಅಡಗಿಕೊಳ್ಳುವುದಕ್ಕೆ ಬೇಕಾದಷ್ಟು ಜಾಗವಿದೆ. ಆದರೆ ಮರುವರ್ಷ ವೀರೇಶ ಕಾಲೇಜಿನಲ್ಲಿ ಇರುತ್ತಿರಲಿಲ್ಲ. ಅವನಿಗೆ ಇದ್ದದ್ದು ಅದೊಂದೇ ವರ್ಷ.

ಅವನು ಕೊರಗುವ ಜಾತಿಯವನಲ್ಲ. ಡಿಗ್ರಿ ಮುಗಿಸಿ ಬಸ್ಸಿನ ಕಂಡಕ್ಟರ್ ಆದ. ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಯಾರನ್ನೂ ತುಳಿಯದೆ ನುಸುಳುವುದನ್ನು ತನಗೆ ಗರಡಿಯೇ ಕಲಿಸಿತೆಂದು ನಗುತ್ತಿದ್ದ. ನನಗೆ ಕಷ್ಟವಾದದ್ದು ಅವನ ಇನ್ನೊಂದು ಅಭ್ಯಾಸ. ಕುಸ್ತಿಯ ಮಾತು ಬಂದಲ್ಲೆಲ್ಲ ಅವನು ಆ ಹನ್ನೊಂದು ದಿನದ ಕಥೆ ಹೇಳುತ್ತಿದ್ದ, ಕಥೆಯ ನಾಯಕ ನಾನು. ವರ್ಷ ಕಳೆದಂತೆ ನಾನು ಅಗೆದ ಆಳ ಹೆಚ್ಚುತ್ತ ಹೋಯಿತು. ಕೈಯಲ್ಲಿ ಬೊಬ್ಬೆಗಳೂ ಬಂದವು. ಪ್ರತಿಸಲ ನೀಲಮ್ಮ ನನ್ನನ್ನು ನೋಡುತ್ತಿದ್ದಳು. "ಇವತ್ತರ ಹೇಳ್ರಿ" ಎನ್ನುತ್ತಿದ್ದಳು. ಅವನ ಮದುವೆಯ ದಿನ ಹೇಳುವುದು ಸರಿಯಲ್ಲ ಎಂದೆ, ಮಗಳ ತೊಟ್ಟಿಲ ದಿನವೂ ಸರಿಕಾಣಲಿಲ್ಲ, ಮತ್ತೊಮ್ಮೆ ನನಗೆ ಹಲ್ಲುನೋವಿತ್ತು. ಹೀಗೆ ಹದಿನೈದು ವರ್ಷ ಕಳೆದವು.

ಮೊನ್ನೆ ಬೆಳಿಗ್ಗೆ ನಾನೂ ನೀಲಮ್ಮನೂ ಬಳ್ಳಾರಿಯಿಂದ ಕುರುಗೋಡಿಗೆ ಅವನದೇ ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ಯಾವುದೋ ಕಾಲೇಜಿನ ಮಾಸ್ತರರೊಬ್ಬರು ತಮ್ಮಲ್ಲೂ ಈ ವರ್ಷದಿಂದ ಕುಸ್ತಿ ನಿಲ್ಲಿಸಿದರೆಂದು ಪಕ್ಕದವರಿಗೆ ಹೇಳುತ್ತಿದ್ದರು. ಟಿಕೆಟು ಹರಿಯುತ್ತಿದ್ದ ವೀರೇಶ ಅಲ್ಲಿಯೇ ನಿಂತ.

"ನಿಮ್ಮಲ್ಲಿ ಮಣ್ಣು ನೋಡ್ಕೊಳ್ಳಾಕ ಆಳು ಇರಲಿಲ್ಲೇನೋ ಸರ್. ನಮಗ ಇಲ್ಲಿ ಕುಂತಾನಲ್ರಿ, ನಮ್ಮಣ್ಣ, ಇವ ಇದ್ದ. ಹೊಸಾ ಹೆಂಡ್ತೀನ ಬಿಟ್ಟು, ದೀಪಾವಳಿ ಬಿಟ್ಟು, ಹನ್ನೊಂದು ದಿನ ಒಬ್ಬನಾ ಅಗದಾನ್ರಿ. ದೇವರಾಣಿ, ಆ ಮಳಿ ಒಂದು ಬರಲಿಲ್ಲಂದ್ರ—"

ಬಸ್ಸಿನಲ್ಲಿದ್ದ ಅರ್ಧ ಜನ ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ನೋಡಿದರು. ಒಬ್ಬ ಅಜ್ಜ ಕೈ ಮುಗಿದ. ನೀಲಮ್ಮ ಈ ಸಲ ನನ್ನ ಕಡೆ ತಿರುಗದೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ನಾನು ಕಂಬಿ ಹಿಡಿದು ಎದ್ದು ನಿಂತೆ.

"ವೀರೇಶಾ, ಆ ಮಾತು ಬಿಡು. ನಾ ಅಗದಿಲ್ಲ."

"ಏನಂದಿ?"

"ದೇಶನೂರಾಗ ಅತ್ತಿಮನ್ಯಾಗ ಕುಂತಿದ್ದೆ. ಸಲಿಕಿ ಮುಟ್ಟಿಲ್ಲ. ಸಿರುಗುಪ್ಪದಾಗ ನಿನ್ನ ನೋಡಿ ಬಂಡಿ ಹಿಂದ ಅಡಗಿದೆ. ಅವರು ನಿನ್ನ ಸುಳ್ಳ ಅಂದಾಗ ಸುಳ್ಳ ಹೇಳಿದಾವ ನಾನು."

ಅವನ ಕೈಯಲ್ಲಿ ಟಿಕೆಟಿನ ಕಟ್ಟು ಹಾಗೆಯೇ ನಿಂತಿತು. ಬಸ್ಸು ಒಂದು ಹಳ್ಳ ಇಳಿದು ಹತ್ತಿತು. ನಾನು ತೂರಾಡಿದೆ, ಅವನು ಅಲುಗಲಿಲ್ಲ.

"ಹನ್ನೊಂದು ದಿನದಾಗ ಒಂದು ದಿನಾನೂ ಅಗೀಲಿಲ್ಲೇನಣ್ಣಾ?"

"ಒಂದು ದಿನಾನೂ ಇಲ್ಲ. ನಿನ್ನ ಕುಸ್ತಿ ಕಳದಾವ ನಾನು, ಮಳಿ ಅಲ್ಲ. ತಪ್ಪಾತು, ತಮ್ಮಾ."