ರವೆಯಲ್ಲಿ ಹುಡುಕಿದ ಪ್ಲುಟೋ

ನನಗೆ ತಿಕೋಟಾದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು, ಅಬ್ಬಾ ಒಬ್ಬರನ್ನು ಬಿಟ್ಟು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಬುರ್ಖಾ ತೆಗೆದು ಗಂಡಸಿನ ಮುಂದೆ ಕೂರಲು ಒಲ್ಲದ ಹೆಣ್ಣುಮಕ್ಕಳ ಫೋಟೋಗಳನ್ನು ಕಾಲೇಜಿನ ದಿನಗಳಿಂದಲೂ ನಾನೇ ತೆಗೆಯುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಮಗಳು ಅಂಗಡಿಯಲ್ಲೇ ನಿಲ್ಲುತ್ತಾಳೆ, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಉಂಟೆಂದು ಬೋರ್ಡು ಬರೆಸಬಹುದು ಎಂಬ ಆಸೆ ಅವರದು. ನಾನು ತಿಕೋಟಾದ ಬಸ್ಸು ಹತ್ತಿದೆ.

ಅಂದಿನಿಂದ ಅಬ್ಬಾ ನನ್ನೊಂದಿಗೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ಊಟಕ್ಕೆ ಎದುರುಬದುರು ಕೂತಾಗಲೂ ಅಮ್ಮಿಯ ಕಡೆ ತಿರುಗಿ, “ನಿನ್ನ ಮಗಳಿಗಿ ಹೇಳು, ಛತ್ರಿ ಒಯ್ಯಂತ,” ಅನ್ನುತ್ತಿದ್ದರು. ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಕನ್ನಡ ಬರುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆ ತುಂಬ ಕನ್ನಡವೇ.

ಆ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಗೆ ಸೌರವ್ಯೂಹದ ಪಾಠ ಬಂತು. ಈಗ ಕುಬ್ಜ ಗ್ರಹ ಎಂದು ಕರೆಯುವ ಪ್ಲುಟೋ ಆಗ ಒಂಬತ್ತನೆಯ ಗ್ರಹ. ಪಠ್ಯಪುಸ್ತಕದ ಚಿತ್ರದಲ್ಲಿ ಗ್ರಹಗಳೆಲ್ಲ ಪೋಣಿಸಿದ ಮಣಿಗಳಂತೆ ಒತ್ತೊತ್ತಾಗಿ ಕೂತಿದ್ದವು. ಅವುಗಳ ನಡುವೆ ಎಷ್ಟು ಬಯಲಿದೆ ಎಂದು ತೋರಿಸಲು ನಾನು ದಿನಾ ಬರುವ ಬಸ್ಸಿನ ದಾರಿಯನ್ನೇ ಹಿಡಿದೆ. ವಿಜಾಪುರದ ಸಿದ್ಧೇಶ್ವರ ಗುಡಿಯ ಬಳಿ ಒಂದು ಕೋಣೆಯಷ್ಟು ದೊಡ್ಡ ಸೂರ್ಯನನ್ನು ಇಟ್ಟರೆ, ನಿಂಬೆಹಣ್ಣಿನಷ್ಟಿರುವ ನಮ್ಮ ಭೂಮಿ ಗುಡಿಯ ಸುತ್ತಲಿನ ಪೇಟೆಯನ್ನೂ ಸರಿಯಾಗಿ ದಾಟಿರುವುದಿಲ್ಲ. ಶನಿ ತೊರವಿಯಲ್ಲಿ. ಪ್ಲುಟೋ ಇಲ್ಲಿ, ನಮ್ಮ ತಿಕೋಟಾದಲ್ಲಿ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಬಬಲೇಶ್ವರದವಳು. ತಿಕೋಟಾದ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು.

“ಹಂಗಾದ್ರ ನಮ್ಮ ಬಬಲೇಶ್ವರ ಪ್ಲುಟೋಕ್ಕಿಂತ ದೂರ ಆತಲ್ರಿ ಅಕ್ಕೋರ?”

“ಪ್ಲುಟೋದ ದಾರಿ ಸೊಟ್ಟ ಐತಿ. ಒಮ್ಮೊಮ್ಮೆ ಸೂರ್ಯನ ಕಡೆ ಸರಿದು ಬರ್ತದ, ಒಮ್ಮೊಮ್ಮೆ ನಿಮ್ಮ ಬಬಲೇಶ್ವರದಷ್ಟು ದೂರ ಹೋಗ್ತದ.”

ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. “ಕಣ್ಣಿಗಿ ಕಾಣೂದಿಲ್ಲ ಅಂತೀರಿ. ಮತ್ತ ಅಷ್ಟು ಚುಕ್ಕಿಯೊಳಗ ಇದ ಪ್ಲುಟೋ ಅಂತ ಹೆಂಗ ಗೊತ್ತಾತ್ರಿ?”

ಆಕಾಶದ ಒಂದೇ ಭಾಗವನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಫೋಟೋ ತೆಗೆದರು, ಎರಡನ್ನೂ ಹೋಲಿಸಿ ಜಾಗ ಬಿಟ್ಟು ಸರಿದ ಚುಕ್ಕೆಯನ್ನು ಹುಡುಕಿದರು ಎಂದು ಓದಿದ್ದನ್ನು ಹೇಳಿದೆ. ಅವಳು ಕೂತಳು. ಆದರೆ ಒಪ್ಪಿದ ಮುಖವಲ್ಲ ಅದು. ಬಸ್ಸಿನಲ್ಲಿ ಮರಳುವಾಗ ಯೋಚಿಸಿದೆ, ನಾನೇ ಎಲ್ಲಿ ಒಪ್ಪಿದ್ದೇನೆ? ಓದಿದ್ದೇನೆ, ಅಷ್ಟೇ. ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ಸ್ಟುಡಿಯೋಕ್ಕೆ ನಡೆದೆ.

“ಅಬ್ಬಾ, ನನಗ ಎರಡು ಫೋಟೋ ಬೇಕ್ರಿ.”

ಯಾರ ಮೂಲಕ ಉತ್ತರ ಕೊಡುವುದೆಂದು ಅವರು ಅತ್ತಿತ್ತ ನೋಡಿದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಯಾರ ಫೋಟೋ?” ಅಂದರು ಕಡೆಗೆ.

“ಪ್ಲುಟೋಂದು.”

ಲೆನ್ಸು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ: “ಆ ಚುಕ್ಕಿ ಎಷ್ಟು ಸರದಿತ್ತು?”

“ಕಂಡೂ ಕಾಣಧಂಗ.”

“ಹಂಗಾದ್ರ ಕ್ಯಾಮೆರಾ ಒಂದಿಷ್ಟೂ ಅಳ್ಳಾಡಬಾರದು,” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ರವಿವಾರ ಸ್ಟುಡಿಯೋದ ನೆಲಕ್ಕೆ ಕರಿ ಬಟ್ಟೆ ಹಾಸಿದೆವು. ಅಮ್ಮಿಯ ಡಬ್ಬಿಯಿಂದ ತಂದ ರವೆಯನ್ನು ಅಬ್ಬಾ ಬೆರಳ ಸಂದಿಯಿಂದ ಉದುರಿಸಿದರು. ಎರಡು ಮೇಜುಗಳ ನಡುವೆ ಹಲಗೆ ಕಟ್ಟಿ, ಕ್ಯಾಮೆರಾವನ್ನು ಕೆಳಮುಖ ಮಾಡಿ ಬಿಗಿದು ಮೊದಲ ಫೋಟೋ ತೆಗೆದರು. ಆಮೇಲೆ ನನ್ನನ್ನು ಹೊರಗೆ ಕಳಿಸಿದರು.

“ನಿನಗ ಗೊತ್ತಾದ್ರ ಹುಡುಗ್ಯಾರಿಗಿ ಕಣ್ಣಾಗ ಹೇಳಿಬಿಡ್ತಿ. ನೀ ಹೊರಗ ನಿಲ್ಲು.”

ನಾನು ಮೆಟ್ಟಿಲ ಮೇಲೆ ನಿಂತು ಜಟಕಾಗಳನ್ನು ನೋಡುತ್ತಿದ್ದೆ. ಒಳಗೆ ಅವರು ಒಂದೇ ಒಂದು ಕಾಳನ್ನು ಸರಿಸಿ ಎರಡನೆಯ ಫೋಟೋ ತೆಗೆದರು. ತೊಳೆದು ಒಣಗಿಸಿದ ಪ್ರಿಂಟುಗಳನ್ನು ಮನೆಯಲ್ಲಿ ಎಷ್ಟು ನೋಡಿದರೂ ಸರಿದ ಕಾಳು ನನಗೆ ಸಿಗಲಿಲ್ಲ. ಅಮ್ಮಿಗೂ ಸಿಗಲಿಲ್ಲ. ಅಬ್ಬಾ ಚಹಾ ಹೀರುತ್ತ ಒಳಗೊಳಗೇ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ನೋಡಿದರೆ ಮದುವೆಗಳಿಗೆ ಹಾಕುವ ಶೇರವಾನಿ ತೊಟ್ಟು ಸಿದ್ಧರಾಗಿದ್ದಾರೆ. “ನಾನೂ ಬರ್ತೇನಿ. ಯಾರರ ಕಂಡುಹಿಡದ್ರ ಖರೇನೋ ಸುಳ್ಳೋ ಹೇಳಾವ್ರು ಬೇಕಲ್ಲ?” ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು. ತೊರವಿ ಬಂದಾಗ ಕಿಟಕಿಯಾಚೆ ಬಗ್ಗಿ, “ಇದ ಏನು ನಿನ್ನ ಶನಿ?” ಎಂದು ಕೇಳಿದರು. ಹೌದೆಂದು ತಲೆ ಆಡಿಸಿದೆ.

ಎರಡೂ ಪ್ರಿಂಟುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿ ಹಲಗೆಗೆ ಮೇಲಂಚಿನಲ್ಲಷ್ಟೇ ಮೊಳೆ ಹೊಡೆದಿದ್ದರು. ಮೇಲಿನದನ್ನು ಬೇಗಬೇಗ ಎತ್ತಿ ಇಳಿಸಿದರೆ ಕದಲದ ಕಾಳುಗಳು ಸುಮ್ಮನಿರುತ್ತವೆ, ಸರಿದದ್ದು ಮಾತ್ರ ಕುಣಿಯುತ್ತದೆ. ಹುಡುಗಿಯರು ಗುಂಪುಗುಂಪಾಗಿ ಬಂದು ನೋಡಿದರು. ಬಬಲೇಶ್ವರದ ಹುಡುಗಿ ಒಂದು ಮೂಲೆಗೆ ಬೆರಳಿಟ್ಟು ಕೂಗಿದಳು.

“ಇಲ್ಲೈತ್ರಿ! ಜಿಗದಾಡಾಕತ್ತೈತಿ ನೋಡ್ರಿ!”

ಅಬ್ಬಾ ಬಗ್ಗಿ ನೋಡಿದರು. “ಅದಲ್ಲ ಬೇ. ನಾ ಅದನ್ನ ಮುಟ್ಟೇ ಇಲ್ಲ.”

“ಮುಟ್ಟಿಲ್ಲಂದ್ರ ಹೆಂಗ ಜಿಗೀತ್ರಿ ಚಾಚಾ?”

ಅಬ್ಬಾ ಜೇಬಿನಿಂದ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಆ ಕಾಳಿನ ಪಕ್ಕದಲ್ಲಿ, ಕರಿ ಬಟ್ಟೆಯ ಮೇಲೆ ಕರಿಯದೇ ಆದ ಏನೋ ಒಂದು, ಬೆಳಕಿಗೆ ಕೂದಲೆಳೆಯಷ್ಟು ಹೊಳೆಯುವ ಕಾಲುಗಳು.

“ಯಪ್ಪಾ, ಇರುವಿ!”

ತರಗತಿಯೇ ಬಿದ್ದುಬಿದ್ದು ನಕ್ಕಿತು. ಎರಡು ಫೋಟೋ ತೆಗೆಯುವುದರ ನಡುವೆ ಇರುವೆಯೊಂದು ಬಂದು ತನ್ನ ಪಾಲಿನ ರವೆ ಹೊತ್ತು ಹೊರಟಿತ್ತು. ಅಬ್ಬಾನ ಮುಖ ಮೊದಲು ಕೆಂಪಾಯಿತು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ನನಗೆ ಪಾಠ ಕೈಗೆ ಸಿಕ್ಕಿದ್ದು ಆಗ. ಪ್ಲುಟೋ ಹುಡುಕುವಾಗಲೂ ಹೀಗೆ ಸರಿಯುವ ಬೇರೆ ಚುಕ್ಕೆಗಳಿದ್ದವು, ನಮಗೆ ಹತ್ತಿರದ ಸಣ್ಣಪುಟ್ಟ ಕಾಯಗಳು. ಓಡುವ ಬಸ್ಸಿನಿಂದ ನೋಡಿದರೆ ಬದಿಯ ಬೇವಿನ ಮರ ಸರ್ರನೆ ಹಿಂದಾಗುತ್ತದೆ, ದೂರದ ದಿಬ್ಬ ಜರುಗಿದ್ದೇ ತಿಳಿಯುವುದಿಲ್ಲ. ಆಕಾಶದಲ್ಲೂ ಹಾಗೆಯೇ, ನಮ್ಮ ಭೂಮಿಯೇ ಓಡುವ ಬಸ್ಸು. “ಬಾಳ ಜಿಗದದ್ದು ಹತ್ತಿರದ್ದು. ಎಲ್ಲಾಕ್ಕಿಂತ ಕಡಿಮಿ ಸರದದ್ದನ್ನ ಹುಡಕ್ರಿ,” ಅಂದೆ.

ಊಟದ ಬಿಡುವಿನಲ್ಲಿ ಉಳಿದವರು ಹೊರಗೆ ಹೋದರು. ಅವಳೊಬ್ಬಳು ಹಲಗೆಯ ಮುಂದೆಯೇ ಕೂತು ಪ್ರಿಂಟು ಎತ್ತುತ್ತ ಇಳಿಸುತ್ತ ಇದ್ದಳು. ಅಬ್ಬಾನೂ ಬುತ್ತಿ ಬಿಚ್ಚದೆ ಕೂತಿದ್ದರು. ಕೊನೆಗೆ ಅವಳು ಮೆಲ್ಲಗೆ, ತನಗೇ ನಂಬಿಕೆಯಿಲ್ಲದವಳಂತೆ, “ಇದು ಒಂಚೂರು ಮಿಸುಕಿದಂಗ ಆಗತೈತ್ರಿ,” ಅಂದಳು.

ಅಬ್ಬಾ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. “ಸಿಕ್ತು ನೋಡು ಮಗಳ!”

ಅವಳು ಮತ್ತೆ ಮತ್ತೆ ಪ್ರಿಂಟು ಎತ್ತಿ ಆ ಕಾಳನ್ನು ಮಿಸುಕಾಡಿಸಿ ನೋಡಿದಳು. ಕಣ್ಣು ತುಂಬಿದ್ದವು.

ಮರಳುವ ಬಸ್ಸಿನಲ್ಲಿ ಅಬ್ಬಾ ದಖನಿಯಲ್ಲಿ ಮಾತಾಡಿದರು. ರವಿವಾರ ಸ್ಟುಡಿಯೋಕ್ಕೆ ಬರಲು ಆಗುತ್ತದೆಯೇ, ಹೆಣ್ಣುಮಕ್ಕಳಿಗೆ ಅದೊಂದು ದಿನ ಎಂದು ಬರೆಸೋಣವೇ ಎಂದರು. ಬರುತ್ತೇನೆ ಅಂದೆ. ಹಲವು ವರ್ಷ ಹಾಗೆಯೇ ನಡೆಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಓಡುತ್ತಲೇ ಅಂಗಡಿಗೆ ಹೋದೆ. ಪ್ಲುಟೋಕ್ಕೆ ಒಂದು ಉಪಗ್ರಹ ಸಿಕ್ಕಿತ್ತು. ಫೋಟೋದಲ್ಲಿ ಅದರ ಬದಿಗೆ ಸಣ್ಣ ಉಬ್ಬು ಕಂಡಿತ್ತಂತೆ. ಫೋಟೋದ ಗಾಜಿನ ಪ್ಲೇಟಿನ ದೋಷವೆಂದೇ ಮೊದಲು ತಿಳಿದಿದ್ದರಂತೆ. ಬೇರೆ ದಿನಗಳ ಫೋಟೋಗಳಲ್ಲಿ ಉಬ್ಬು ಜಾಗ ಬದಲಿಸಿದ್ದನ್ನು ನೋಡಿದ ಮೇಲೆ ಗೊತ್ತಾಯಿತು. ಅದರಿಂದ ಪ್ಲುಟೋದ ತೂಕವೂ ತಿಳಿದು, ಅದು ನಮ್ಮ ಚಂದ್ರನಿಗಿಂತಲೂ ಸಣ್ಣದು ಎನ್ನುವಂತಾಯಿತು.

ಅಬ್ಬಾ ಆಗ ಯಾರದೋ ನೆಗೆಟಿವ್ ಹಿಡಿದು ಪೆನ್ಸಿಲಿನಿಂದ ಮುಖದ ಕಲೆ ತಿದ್ದುತ್ತಿದ್ದರು. ಕೈ ನಿಂತಿತು. “ನಾ ಆಗಿದ್ರ ಪೆನ್ಸಿಲ್ ಹಚ್ಚಿ ಆ ಉಬ್ಬು ಅಳಿಸಿಬಿಡ್ತಿದ್ದೆ,” ಅಂದರು. ಅವತ್ತೆಲ್ಲ ಅದೇ ಮಾತನ್ನು ಇನ್ನೂ ಕೆಲವು ಸಲ ಅಂದರು.

ಮುಂದೆ ಒಂದು ರವಿವಾರ, ವರನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ತಾಯಿ ಮಗಳು ಬಂದರು. ಹುಡುಗಿಯ ಗದ್ದದ ಮೇಲೆ ದೊಡ್ಡ ಮಚ್ಚೆಯಿತ್ತು. ಅದನ್ನು ತೆಗೆದುಬಿಡಿ ಎಂದಳು ತಾಯಿ. ಮೊದಲಾಗಿದ್ದರೆ ಅಬ್ಬಾ ಹೂಂ ಅನ್ನುತ್ತಿದ್ದರು. ಅಂದು ಪರದೆಯ ಆಚೆಯಿಂದಲೇ, “ಹುಡುಗಿನ್ನ ಕೇಳೋಣ್ರಿ ಅಕ್ಕಾ,” ಅಂದರು.

ಹುಡುಗಿ ತಾಯಿಯ ಮುಖ ನೋಡಿದಳು, ಕ್ಯಾಮೆರಾ ಹಿಡಿದಿದ್ದ ನನ್ನ ಮುಖ ನೋಡಿದಳು. “ಇರಲ್ರಿ,” ಅಂದಳು.