ನಾಲ್ಕನೆಯ ತೆನೆ

ಸ್ನೇಹಿತರೇ, ಇವತ್ತು ಚರ್ಚಿನಲ್ಲಿ ಕೈ ಕುಲುಕಿ ನನಗೆ ಕಂಗ್ರಾಟ್ಸ್ ಹೇಳಿದವರಿಗೆಲ್ಲ ಥ್ಯಾಂಕ್ಸ್. ಆದರೆ ನಾನು ಗರ್ಭಿಣಿಯಲ್ಲ.

ಆದದ್ದು ಇಷ್ಟು. ಮೊಂತಿ ಫೆಸ್ಟ್, ಅಂದರೆ ನಮ್ಮ ತೆನೆ ಹಬ್ಬದ ಬಲಿಪೂಜೆ ಮುಗಿದ ಮೇಲೆ ನಮ್ಮ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ಹೊಸ ಭತ್ತದ ತೆನೆ ಹಂಚುತ್ತಿದ್ದರು. ತಲೆಗೊಂದು ತೆನೆ. "ಮನೆಯಲ್ಲಿ ಎಷ್ಟು ಜನ?" ಎಂದರು. ನಾನು, ಗಂಡ ರೋನಿ, ಅತ್ತೆ. "ಮೂರು" ಎಂದೆ. ಹಿಂದಿನಿಂದ ಅತ್ತೆ, "ನಾಲ್ಕು ಕೊಡಿ" ಎಂದರು. ಗುರ್ಕಾರರು ನನ್ನ ಹೊಟ್ಟೆ ನೋಡಿ ನಕ್ಕರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗೇಟು ತಲುಪುವಷ್ಟರಲ್ಲಿ ಒಬ್ಬರು ಆಂಟಿ, ಇನ್ನು ಸ್ಕೂಟರ್ ಬಿಡಬೇಡ ಎಂದೂ ಹೇಳಿಯಾಗಿತ್ತು.

ರಿಕ್ಷಾ ಹತ್ತಿದ ಕೂಡಲೇ ಅತ್ತೆಯ ಹತ್ತಿರ ಜಗಳ ತೆಗೆದೆ. "ಎಂತ ಮಮ್ಮಿ ಇದು? ಮಗು ಬೇಕೋ ಬೇಡವೋ ಅಂತ ನಾವಿನ್ನೂ ಡಿಸೈಡ್ ಮಾಡ್ಲಿಲ್ಲ. ಇಬ್ಬರಿಗೂ ಡ್ಯೂಟಿ ಉಂಟು. ಎಲ್‌ಕೆಜಿ ಫೀಸ್ ಕೇಳಿದ್ರೆ ತಲೆ ತಿರುಗ್ತದೆ."

"ನೀವು ನಿಧಾನಕ್ಕೆ ಡಿಸೈಡ್ ಮಾಡಿ ಮಾರಾಯ್ತಿ. ತೆನೆ ಸಿಗುವುದು ವರ್ಷಕ್ಕೆ ಒಂದೇ ಸಲ ಅಲ್ವಾ?"

ಮನೆಗೆ ಬಂದು ಅತ್ತೆ ತೆನೆಯ ಕಾಳು ಬಿಡಿಸಿ, ತೆಂಗಿನಹಾಲಿಗೆ ಬೆರೆಸಿ ನಾಲ್ಕು ಗ್ಲಾಸಿಗೆ ಹೊಯ್ದರು. ನಾಲ್ಕನೆಯದನ್ನು ಯಾರೂ ಮುಟ್ಟಲಿಲ್ಲ. ಎತ್ತಿ ಒಳಗಿಡಲು ನನಗೂ ಯಾಕೋ ಮನಸ್ಸು ಬರಲಿಲ್ಲ.

ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ರೋನಿ ಅದನ್ನೂ ಕುಡಿದಿದ್ದ. "ಮಗುವಿನದ್ದು ಕುಡಿದ್ಯಲ್ಲ, ನಾಚಿಕೆ ಉಂಟಾ ನಿನಗೆ?" ಎಂದು ಅತ್ತೆ ಗದರುತ್ತಿದ್ದರು.

ಮಗು ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಅದರ ಹಾಲು ಕದ್ದ ಅಪ್ಪನೊಬ್ಬ ಮಾತ್ರ ತಯಾರಾಗಿದ್ದಾನೆ.