ಹೊನ್ನೇಶನ ಮೂರು ನಿಮಿಷ

ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಹೊನ್ನೇಶನಿಗೆ ನಲವತ್ತೊಂದು ವರ್ಷ. ಸುಟ್ಟ ಪಂಪ್‌ಸೆಟ್ ಮೋಟಾರನ್ನು ಮೂಸಿ ನೋಡಿಯೇ ಅದು ಎಷ್ಟು ಹೊತ್ತು ಉರಿದಿದೆ ಎಂದು ಹೇಳಬಲ್ಲ. ಚೌಳಹಿರಿಯೂರು, ಎಮ್ಮೆದೊಡ್ಡಿ ಕಡೆಯ ರೈತರು ಮೋಟಾರ್ ಕೆಟ್ಟರೆ ಬೇರೆಲ್ಲೂ ಹೋಗದೆ ಇವನ ಅಂಗಡಿಯ ಮುಂದೆಯೇ ತಂದು ಇಳಿಸುತ್ತಾರೆ. ಇಂಥ ಜಾಣ ಮದುವೆಯ ವಿಷಯದಲ್ಲಿ ಮಾತ್ರ ಶುದ್ಧ ದಡ್ಡ. ಇಪ್ಪತ್ತೆಂಟರಲ್ಲಿ ತಂಗಿಯ ಮದುವೆ ಮೊದಲು ಆಗಲಿ ಎಂದ, ಮೂವತ್ತೆರಡರಲ್ಲಿ ಮನೆಗೆ ತಾರಸಿ ಬೀಳಲಿ ಎಂದ. ಆಮೇಲೆ ಜನ ಕೇಳುವುದನ್ನೇ ಬಿಟ್ಟರು. ಬಿಡದೆ ಹಿಡಿದವಳು ಅವ್ವ ಜವರಮ್ಮ ಒಬ್ಬಳೇ.

ಅಂಥವನ ತಲೆ ಈ ವರ್ಷ ಯುಗಾದಿ ಕಳೆದ ಮೇಲೆ ಕೆಟ್ಟಿತು. ತರೀಕೆರೆಯಲ್ಲಿ ನೆಂಟರ ಮನೆಯ ನಾಮಕರಣ. ಚಟ್ನಿ ಅರ್ಧ ರುಬ್ಬಿದ್ದಾಗ ಮಿಕ್ಸಿ ನಿಂತುಹೋಯಿತು. ಇವನು ಅಡುಗೆಮನೆಯ ನೆಲದ ಮೇಲೇ ಕೂತು ಅದನ್ನು ಬಿಚ್ಚಿದ. ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಿಂತವಳು ಯಶೋಧರಾ. ಅಜ್ಜಂಪುರದಲ್ಲಿ ಹೊಲಿಗೆ ಅಂಗಡಿ ನಡೆಸುವವಳು, ವಯಸ್ಸು ಮೂವತ್ತೆಂಟು. ಇವನ ಕೈ ಯಾವ ಸ್ಕ್ರೂ ಹುಡುಕುತ್ತಿತ್ತೋ ಅವಳ ಬೆಳಕು ಅಲ್ಲಿಗೇ ಹೋಗುತ್ತಿತ್ತು, ಒಂದು ಸಲವೂ ಹೇಳಿಸಿಕೊಳ್ಳಲಿಲ್ಲ. ಮಿಕ್ಸಿ ತಿರುಗಿತು. ಹೊನ್ನೇಶ ಆ ದಿನ ಮೂರು ಸಲ ಊಟಕ್ಕೆ ಕೂತು ಮೂರು ಸಲವೂ ಉಪ್ಪಿನಕಾಯಿ ಮಾತ್ರ ತಿಂದು ಎದ್ದ.

ಜವರಮ್ಮ ಇದನ್ನು ನೋಡಿಯೂ ಸುಮ್ಮನಿರುವ ಹೆಂಗಸಲ್ಲ. ವಾರದೊಳಗೆ ನೆಂಟರ ಕೈಲಿ ಮಾತು ಕಳಿಸಿದಳು. ಅತ್ತಲಿಂದ ಉತ್ತರವೂ ಬಂತು, ಜೊತೆಗೆ ಒಂದು ಷರತ್ತು. ಹಿಂದೊಮ್ಮೆ ಅವಳನ್ನು ಕೇಳಿದ ವರನೊಬ್ಬ ಸ್ಟುಡಿಯೋದಲ್ಲಿ ಕೋಟು ತೊಟ್ಟು ತೆಗೆಸಿದ ಫೋಟೊ ಕಳಿಸಿ, ಎದುರಿಗೆ ಬಂದಾಗ ಬೇರೆಯೇ ಮನುಷ್ಯನಾಗಿದ್ದನಂತೆ, ಅವಳು ಬೇಡ ಎಂದಿದ್ದಳಂತೆ. ಹಾಗಾಗಿ ಫೋಟೊ ಬೇಡ. ಜಾತಕವನ್ನಂತೂ ಬುದ್ಧನ ಪಟ ಇಟ್ಟುಕೊಂಡ ಎರಡೂ ಮನೆಯವರು ನೋಡುವವರಲ್ಲ. ನೀವು ಹೇಗಿದ್ದೀರಿ, ಹೇಗೆ ದುಡಿಯುತ್ತೀರಿ ಎಂದು ಮೂರೇ ನಿಮಿಷದ ವಿಡಿಯೋ ಕಳಿಸಿ, ನೋಡಿದ ಮೇಲೆ ಹೌದೋ ಅಲ್ಲವೋ ಹೇಳುತ್ತೇನೆ ಎಂದಿದ್ದಳು ಯಶೋಧರಾ.

ಹೊನ್ನೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಅಂಗಡಿಯಲ್ಲೇ ಚಿತ್ರೀಕರಣ, ಫೋನು ಹಿಡಿಯುವ ಕೆಲಸ ಜವರಮ್ಮನದು. ಒಟ್ಟು ಆರೂವರೆ ನಿಮಿಷದ ಚಿತ್ರವಾಯಿತು. ಅದರಲ್ಲಿ ಅರ್ಧ ಹೊನ್ನೇಶ ನೆಟ್ಟಗೆ ನಿಂತು, ಬಾಯಿಪಾಠ ಮಾಡಿಕೊಂಡ ಗ್ರಂಥದ ಕನ್ನಡ ಒಪ್ಪಿಸಿದ್ದು. ಇನ್ನರ್ಧ ಯಾರಿಗೂ ತೋರಿಸುವಂಥದ್ದಲ್ಲ. ಆ ಅರ್ಧವನ್ನು ತೆಗೆದುಹಾಕಬೇಕು, ಅದಕ್ಕೊಂದು ಸಾಫ್ಟ್‌ವೇರ್ ಬೇಕು, ಪುಕ್ಕಟೆ ಸಿಗಬೇಕು, ಏನೂ ಬಾರದವನಿಗೂ ಬರುವಂತಿರಬೇಕು.

ಪಕ್ಕದ ಜೆರಾಕ್ಸ್ ಅಂಗಡಿಯ ರಾಜಶೇಖರ್‌ಗೆ ಇದನ್ನು ಹೇಳಿದ್ದೇ ತಡ, ಅವನು ಇಂಟರ್‌ನೆಟ್ಟಿನಿಂದ ಹತ್ತು ಹೆಸರುಗಳ ಪಟ್ಟಿಯನ್ನೇ ಪ್ರಿಂಟ್ ತೆಗೆದು ತಂದ. ಅವನಿಗೂ ಒಂದೂ ಬಾರದು, ಆದರೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು.

ಮೊದಲನೆಯದು ಸಿನಿಮಾದವರು ಬಳಸುವುದಂತೆ. ಅದನ್ನು ಹಾಕಿದ ಕೂಡಲೇ ರಾಜಶೇಖರನ ಹಳೆಯ ಕಂಪ್ಯೂಟರ್ ಗೊರಗುಟ್ಟಲು ಶುರುಮಾಡಿತು. ಹೊನ್ನೇಶ ಅದರ ಪಕ್ಕೆಗೆ ಕಿವಿಯಿಟ್ಟು, ಫ್ಯಾನಿನ ಬೇರಿಂಗ್ ಹೋಗಿದೆ ಎಂದು ಪತ್ತೆಹಚ್ಚಿದ, ರಿಪೇರಿಯನ್ನೂ ಮಾಡಿದ. ಸಾಫ್ಟ್‌ವೇರ್ ಮಾತ್ರ ತೆರೆಯಲೇ ಇಲ್ಲ. ಎರಡನೆಯದು ಬಹಳ ಮರ್ಯಾದೆಯಿಂದ ನಡೆದುಕೊಂಡಿತು. ಮೂರು ಗಂಟೆ ಕೂತು ಕತ್ತರಿಸಿ ಜೋಡಿಸಿದ ಮೇಲೆ ನೋಡಿದರೆ ಮೊದಲಿಂದ ಕೊನೆಯವರೆಗೆ ಹೊನ್ನೇಶನ ಮೂಗಿನ ಮೇಲೆ ಕಂಪನಿಯ ಹೆಸರು ಕೂತಿತ್ತು. ಮೂರನೆಯದು ಮೊಬೈಲಿನದು. ಅದರಲ್ಲಿ ಯಾವುದು ಚೆಂದ ಕಂಡು ಮುಟ್ಟಿದರೂ ದುಡ್ಡು ಕೊಡಿ ಅನ್ನುತ್ತಿತ್ತು. ಪುಕ್ಕಟೆ ಕೊಟ್ಟದ್ದೆಂದರೆ ಹಾರುವ ಗುಲಾಬಿ ದಳ ಮಾತ್ರ. ಮೋಟಾರು, ಗ್ರೀಸು, ತಾಮ್ರದ ತಂತಿಯ ಮೇಲೆಲ್ಲ ಗುಲಾಬಿ ಸುರಿದದ್ದನ್ನು ನೋಡಿ ರಾಜಶೇಖರ್ ಮೇಜು ಹಿಡಿದು ನಕ್ಕ. ಹೊನ್ನೇಶನಿಗೂ ಎಲ್ಲಿಲ್ಲದ ನಗು ಬಂತು. ನಾಲ್ಕು ದಿನಗಳಿಂದ ಅವನಿಗೆ ಏನು ಕಂಡರೂ ನಗುವೇ.

ಪಟ್ಟಿಯ ತೀರಾ ಕೊನೆಯಲ್ಲಿ ಒಂದು ಪುಟಾಣಿ ಸಾಫ್ಟ್‌ವೇರ್ ಇತ್ತು. ಹಾಡಿಲ್ಲ, ಹೂವಿಲ್ಲ, ಮೂಗಿನ ಮೇಲೆ ಹೆಸರೂ ಇಲ್ಲ. ಕತ್ತರಿಸುವುದು, ಜೋಡಿಸುವುದು, ಎರಡೇ ಕೆಲಸ. ಇದು ನೋಡಪ್ಪ ನಮ್ಮ ಸ್ಪ್ಯಾನರ್ ಇದ್ದಹಾಗೆ ಎಂದು ಹೊನ್ನೇಶ ಅದನ್ನೇ ಆರಿಸಿದ. ಆರಿಸಿದ್ದು ಸರಿಯಾಗಿಯೇ ಇತ್ತು, ಅದರಲ್ಲಿ ಅವನ ತಪ್ಪಿಲ್ಲ.

ತಪ್ಪಾದದ್ದು ಆಮೇಲೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕಿ ಎಂದಿತು ಸಾಫ್ಟ್‌ವೇರ್. ವೈಂಡಿಂಗ್ ಮಾಡುವವರು ಮೋಟಾರ್ ಬಿಚ್ಚಿದ ಕೂಡಲೇ ಸುಟ್ಟ ಸುರುಳಿಗಳಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಗೆರೆ ಬಿದ್ದದ್ದು ಗುಜರಿಗೆ, ಉಳಿದದ್ದು ಮೋಟಾರಿಗೆ. ಇಪ್ಪತ್ತು ವರ್ಷದಿಂದ ಅದೇ ಮಾಡಿದ ಕೈ, ತೆಗೆದುಹಾಕಬೇಕಾದ ತುಂಡುಗಳಿಗೆಲ್ಲ ಚಾಚೂ ತಪ್ಪದೆ ಗುರುತು ಹಾಕಿತು. ಸಾಫ್ಟ್‌ವೇರ್ ಗುರುತು ಹಾಕಿದ್ದನ್ನೇ ಜೋಡಿಸಿ, ಉಳಿದದ್ದನ್ನು ಬಿಟ್ಟುಬಿಟ್ಟಿತು. ಮೂರು ನಿಮಿಷ ಹತ್ತು ಸೆಕೆಂಡ್ ಎಂದು ತೋರಿಸಿದ್ದನ್ನು ಕಂಡು ಹೊನ್ನೇಶ ಹಿಗ್ಗಿದ. ಒಂದು ಸಲ ನೋಡೋ ಎಂದ ರಾಜಶೇಖರ್. ತನ್ನ ಮುಖವನ್ನು ನಾಲ್ಕು ದಿನ ನೋಡಿ ನೋಡಿ ಸಾಕಾಗಿದ್ದ ಹೊನ್ನೇಶ, ಬೆಳಗ್ಗೆ ಹತ್ತು ಗಂಟೆಗೆ ಅದನ್ನು ಹಾಗೆಯೇ ಅಜ್ಜಂಪುರಕ್ಕೆ ಕಳಿಸಿಬಿಟ್ಟ. ಹತ್ತೂಕಾಲಿಗೆ ಅವಳು ನೋಡಿದ್ದಕ್ಕೆ ಗುರುತಾಗಿ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಜವರಮ್ಮ ತಾನೂ ನೋಡಬೇಕೆಂದು ಹಟ ಹಿಡಿದಳು. ಮೊದಲು ಕಂಡದ್ದು ಅವಳದೇ ಹೆಬ್ಬೆರಳು. ನಂತರ ಹೊನ್ನೇಶ ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಆನ್ ಆಗಿದೆಯಾ ಎಂದು ಕೇಳುತ್ತಿದ್ದ. ‘ನನ್ನ ವೃತ್ತಿಜೀವನವು’ ಎಂದು ಶುರುಮಾಡಿ ಮುಂದಿನದು ಮರೆತು, ನಗು ತಡೆಯಲಾರದೆ ನೆಲದ ಮೇಲೆ ಕೂತಿದ್ದ. ನಡುವೆ ಬಂದ ರೈತನೊಬ್ಬ ಹಿಟ್ಟಿನ ಗಿರಣಿಯ ಮೋಟಾರ್ ಇಳಿಸಿದಾಗ, ಇಸ್ತ್ರಿಯ ಅಂಗಿಯಲ್ಲೇ ಅದನ್ನು ತಬ್ಬಿ ಒಳಗೆ ಹೊತ್ತೊಯ್ದು, ಸಂಜೆಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಹೊನ್ನೇಶನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಯಾಕೆಂದರೆ ಕೊನೆಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಎಲ್ಲಕ್ಕಿಂತ ಮೊದಲು ಅದಕ್ಕೇ ಗುರುತು ಹಾಕಿದ್ದ. ಅದೂ ಬಂತು. ಫೋನು ಆರಿದೆ ಎಂದುಕೊಂಡು ಅವ್ವನ ಹತ್ತಿರ ಆಡಿದ ಮಾತು.

“ಅವ್ರು ಬ್ಯಾಡ ಅಂದ್ರೆ ಏನ್ ಮಾಡ್ಲಿ ಅವ್ವ? ನಂಗೆ ಅವ್ರು ಭಾಳ ಇಷ್ಟ ಆಗ್ಬಿಟ್ಟವ್ರೆ.”

ಕೈ ತೊಳೆದನೋ ಇಲ್ಲವೋ, ಹೆಲ್ಮೆಟ್ ತಲೆಗೇರಿಸಿ ಬೈಕ್ ಹತ್ತಿದ. ಬೀರೂರು ದಾಟಿ ಅಜ್ಜಂಪುರದವರೆಗೂ ಅವನಿಗೆ ಒಮ್ಮೆ ಅಳು ಬಂದಂತಾಗುತ್ತಿತ್ತು, ಒಮ್ಮೆ ನಗು. ಜೇಬಿನಲ್ಲಿ ಸರಿಯಾದ ಮೂರು ನಿಮಿಷವಿತ್ತು. ಊರು ಬಿಡುವ ಮುನ್ನ ಜೆರಾಕ್ಸ್ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದಾಗ, ಈ ಸಲ ರಾಜಶೇಖರ್ ಕಣ್ಣೆದುರು ಕೂತು ಜೋಡಿಸಿಕೊಟ್ಟಿದ್ದ.

ಯಶೋಧರಾ ಮೆಷಿನ್ನಿನ ಮುಂದೆ ಕೂತಿದ್ದಳು. ಇವನು ಬಾಗಿಲಲ್ಲೇ ನಿಂತು, ಅದು ತಪ್ಪಿ ಬಂದಿದೆ, ಸರಿಯಾದ್ದು ಇದು ಎಂದು ಫೋನು ಚಾಚಿದ. ಅವಳು ಪೂರ್ತಿ ನೋಡಿದಳು. ಇವನು ನೇತುಹಾಕಿದ ರವಿಕೆಗಳನ್ನು ಲೆಕ್ಕ ಹಾಕಿದ, ಹತ್ತೊಂಬತ್ತು ಇದ್ದವು. ಅವಳು ಫೋನು ಹಿಂದಕ್ಕೆ ಕೊಟ್ಟಳು.

“ಇವ್ರನ್ನ ನಾನು ಹಿಂದೇನೇ ಬ್ಯಾಡ ಅಂದಿದ್ದೆ. ಕೋಟ್ ಒಂದ್ ಇಲ್ಲ ಅಷ್ಟೇ.”

ಹೊನ್ನೇಶ ಗೆರೆಯ ಕಥೆ, ಗುಜರಿಯ ಕಥೆ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಯಶೋಧರಾಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಗೆರೆ ಎಳೆದದ್ದನ್ನೇ ಹೊಲಿಯುವುದು, ಉಳಿದದ್ದು ಚಿಂದಿ, ನಿಮ್ಮ ಸಾಫ್ಟ್‌ವೇರ್ ನಮ್ಮ ಕಸುಬಿನದು ಎಂದಳು. ಬೆಳಗ್ಗೆಯಿಂದ ಆರು ಸಲ ನೋಡಿದ್ದಳಂತೆ. ಏನು ಉತ್ತರ ಬರೆಯುವುದೆಂದು ತಿಳಿಯದೆ ಒಂದು ತೋಳು ತಲೆಕೆಳಗಾಗಿ ಹೊಲಿದಿದ್ದಳಂತೆ. ಅಷ್ಟು ಹೇಳಿ ಇವನ ಕಡೆ ಪೂರ್ತಿ ತಿರುಗಿದಳು.

“ಕೊನೇಲಿ ಅವ್ವನ ಹತ್ರ ಏನೋ ಅಂದ್ರಲ್ಲ, ಅದು ನಂಗೆ ಹೇಳ್ಬೇಕಾದ್ ಮಾತು. ಹೇಳಿ.”

ಬಾಯಿಪಾಠ ಮಾಡಿದ್ದು ಯಾವುದೂ ನೆನಪಿಗೆ ಬರಲಿಲ್ಲ. “ನಂಗೆ ನೀವು ಭಾಳ ಇಷ್ಟ ಆಗ್ಬಿಟ್ಟಿದ್ದೀರಿ. ಬ್ಯಾಡ ಅಂದ್ರೆ ಏನ್ ಮಾಡ್ಬೇಕು ಅಂತ ಗೊತ್ತಿಲ್ಲ,” ಎಂದ.

“ಬ್ಯಾಡ ಅನ್ನಲ್ಲ ಕಣ್ರೀ. ಮೊದ್ಲು ಆ ಹೆಲ್ಮೆಟ್ ತೆಗೀರಿ, ಮುಖ ಕಾಣ್ಲಿ.”

ಹೆಲ್ಮೆಟ್ ಪಟ್ಟಿಯ ಕೊಕ್ಕೆ ಹೊನ್ನೇಶನ ಕೈಗೆ ಸಿಗಲೇ ಇಲ್ಲ. ಯಶೋಧರಾ ಎದ್ದು ಬಂದು, ಅವನ ಗದ್ದದ ಕೆಳಗೆ ಕೈಹಾಕಿ ತಾನೇ ಬಿಚ್ಚಿದಳು.